ನಮ್ಮನೆಗೆ ಟಿಬಿ ತಂದವರು ಯಾರು ಅಂತ ಡಿಎನ್‌ಎ ಟೆಸ್ಟ್ ಹೇಳುತ್ತಾ?

ಓದುಗರ ಪ್ರಶ್ನೆ:

"ನಾನು ದೊಡ್ಡಬಳ್ಳಾಪುರದ ಕಡೆಯವಳು, ವಯಸ್ಸು 31. ಗಾರ್ಮೆಂಟ್ಸ್‌ನಲ್ಲಿ ಟೈಲರ್ ಕೆಲಸ. ಎರಡೂವರೆ ವರ್ಷದ ಹಿಂದೆ ನಮ್ಮ ಮಾವನಿಗೆ ಶ್ವಾಸಕೋಶದ ಟಿಬಿ ಆಗಿತ್ತು. ಆರು ತಿಂಗಳು ಮಾತ್ರೆ ನುಂಗಿದರು, ವಾಸಿಯಾಗಿದೆ ಎಂದು ಬರೆದುಕೊಟ್ಟರು. ಈಗ ಮತ್ತೆ ಕೆಮ್ಮು ಶುರುವಾಗಿದೆ. ಕಫದ ಸಿಬಿನ್ಯಾಟ್ ಟೆಸ್ಟ್ ಪಾಸಿಟಿವ್ ಬಂದಿದೆ, ರಿಫಾಂಪಿಸಿನ್ ಎಂಬ ಟಿಬಿ ಔಷಧಿ ಕೆಲಸ ಮಾಡುತ್ತದೆ ಎಂದು ರಿಪೋರ್ಟಿನಲ್ಲಿದೆ. ನನಗೂ ತಿಂಗಳಿಂದ ಕೆಮ್ಮು ಇದ್ದಿದ್ದಕ್ಕೆ ಅವತ್ತೇ ನನ್ನ ಕಫವನ್ನೂ ಕೊಟ್ಟೆ. ನನ್ನದೂ ಪಾಸಿಟಿವ್. ಈಗ ಅತ್ತೆ ಮನೆಯವರು, ನಾನೇ ಫ್ಯಾಕ್ಟರಿಯಿಂದ ತಂದು ಮಾವನಿಗೆ ಮತ್ತೆ ಅಂಟಿಸಿದೆ ಎನ್ನುತ್ತಾರೆ. ತವರಿನವರು ಮಾವನಿಂದಲೇ ನನಗೆ ಬಂತು ಎನ್ನುತ್ತಾರೆ. ಬ್ಯಾಕ್ಟೀರಿಯಾಗೂ ಡಿಎನ್‌ಎ ಫಿಂಗರ್‌ಪ್ರಿಂಟ್ ಇರುತ್ತದೆ, ಅದನ್ನು ಮಾಡಿಸಿದರೆ ಸತ್ಯ ಗೊತ್ತಾಗುತ್ತದೆ ಎಂದು ನನ್ನ ತಮ್ಮ ಹೇಳಿದ. ಅದನ್ನು ಎಲ್ಲಿ ಮಾಡಿಸಬೇಕು, ಎಷ್ಟಾಗುತ್ತದೆ? ಮಾವನ ಮೊದಲಿನ ಔಷಧಿ ಫೇಲ್ ಆಯಿತೇ? ಇಬ್ಬರಿಗೂ ಈಗ ಅದೇ ಆರು ತಿಂಗಳ ಮಾತ್ರೆ ಸಾಕೇ? ನನಗೆ ನಾಲ್ಕು ವರ್ಷದ ಮಗಳಿದ್ದಾಳೆ, ಅವಳದೇ ಭಯ."

ಉತ್ತರ:

ನೀವು ಕೇಳಿರುವುದು ನಾಲ್ಕು ಪ್ರಶ್ನೆ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಒಂದೇ ಅನಿಸುತ್ತದೆ: ನಾನಾ, ಅವರಾ? ಹಾಗಾಗಿ ಅದನ್ನೇ ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಇಬ್ಬರ ರೋಗಾಣುಗಳು ಬೇರೆ ಬೇರೆ ಎಂದಾದರೆ ಲ್ಯಾಬ್ ಅದನ್ನು ಗಟ್ಟಿಯಾಗಿ ಹೇಳಬಲ್ಲದು. ಎರಡೂ ಹೋಲುತ್ತವೆ ಎಂದೂ ಹೇಳಬಲ್ಲದು. ಆದರೆ ಯಾರು ಯಾರಿಗೆ ಕೊಟ್ಟರು ಎನ್ನುವುದನ್ನು, ನಿಮ್ಮಂಥ ಒಂದೇ ಮನೆಯ ಇಬ್ಬರ ವಿಷಯದಲ್ಲಿ, ಯಾವ ಟೆಸ್ಟೂ ಖಚಿತವಾಗಿ ಹೇಳಲಾರದು. ನಿಮ್ಮ ತಮ್ಮ ಹೇಳಿದ್ದು ಸುಳ್ಳೇನಲ್ಲ, ಅಂಥ ಟೆಸ್ಟ್ ಇದೆ. ಅದರಿಂದ ನಿಮಗೆ ಬೇಕಾದ ಉತ್ತರ ಸಿಗುವುದಿಲ್ಲ, ಅಷ್ಟೇ.

ಯಾಕೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಮನೆಯಲ್ಲಿ ಮತ್ತೆ ಯಾರಾದರೂ "ಡಿಎನ್‌ಎ ಮಾಡಿಸೋಣ" ಎಂದಾಗ ನೀವು ಉತ್ತರ ಕೊಡಬೇಕಾಗುತ್ತದೆ.

ಮನುಷ್ಯರ ಡಿಎನ್‌ಎ ಟೆಸ್ಟ್ ನಂಬಿಕಸ್ಥ ಆಗಿರುವುದಕ್ಕೆ ಕಾರಣ, ನಮ್ಮಲ್ಲಿ ಪ್ರತಿಯೊಬ್ಬರದ್ದೂ ಬೇರೆ. ಅಪ್ಪ ಅಮ್ಮ ಇಬ್ಬರದೂ ಕಲಸಿ ಹೊಸದಾಗಿ ಹುಟ್ಟುತ್ತದೆ. ಬ್ಯಾಕ್ಟೀರಿಯಾಗೆ ಆ ಗೋಜಿಲ್ಲ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ, ಎಲ್ಲವೂ ಒಂದೇ ಅಚ್ಚು. ಅದರಲ್ಲೂ ಟಿಬಿ ರೋಗಾಣು ಬಹಳ ನಿಧಾನ. ಒಂದು ಎರಡಾಗಲು ಸುಮಾರು 20 ಗಂಟೆ ಬೇಕು. ಅದರ ಡಿಎನ್‌ಎಯಲ್ಲಿ ಹತ್ತಿರ ಹತ್ತಿರ 44 ಲಕ್ಷ ಅಕ್ಷರಗಳಿವೆ. ಅಷ್ಟರಲ್ಲಿ ವರ್ಷಕ್ಕೆ ಸರಾಸರಿ ಅರ್ಧ ಅಕ್ಷರ ಬದಲಾಗುತ್ತದೆ. ಅಂದರೆ ಎರಡು ವರ್ಷಕ್ಕೆ ಒಂದು. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಷ್ಟು ಕಡಿಮೆ ಬದಲಾಗುವ ಜೀವಿಯಲ್ಲಿ ಒಂದು ತಳಿಯನ್ನು ಇನ್ನೊಂದರಿಂದ ಬೇರೆ ಮಾಡುವುದು ಹೇಗೆ? ಡಿಎನ್‌ಎಯಲ್ಲಿ ಉಳಿದ ಕಡೆಗಿಂತ ಜಾಸ್ತಿ ಬದಲಾಗುವ ಕೆಲವು ಜಾಗಗಳಿವೆ. ಅವನ್ನು ಹುಡುಕಬೇಕು. ಮೊದಲು ಸಿಕ್ಕ ಒಳ್ಳೆಯ ಜಾಗ ಐಎಸ್ 6110 ಎನ್ನುವ ತುಣುಕು. 1355 ಅಕ್ಷರಗಳ ಈ ತುಣುಕು ಟಿಬಿ ರೋಗಾಣುವಿನ ಡಿಎನ್‌ಎಯಲ್ಲಿ ಅಲ್ಲಲ್ಲಿ ಹಾರಿ ಕೂತಿರುತ್ತದೆ. ಕೆಲವು ತಳಿಯಲ್ಲಿ ಹತ್ತು ಹದಿನೈದು ಕಡೆ, ಕೆಲವದರಲ್ಲಿ ಒಂದೇ ಕಡೆ. 1993ರಲ್ಲಿ ಜಗತ್ತಿನ ಲ್ಯಾಬ್‌ಗಳು ಕೂತು ಇದಕ್ಕೊಂದು ಒಪ್ಪಿತ ವಿಧಾನ ಮಾಡಿಕೊಂಡವು. ಕಲ್ಚರ್‌ನಲ್ಲಿ, ಅಂದರೆ ಕಫದಿಂದ ಲ್ಯಾಬಿನಲ್ಲಿ ಬೆಳೆಸಿದ ರೋಗಾಣುವಿನ ಡಿಎನ್‌ಎ ತೆಗೆದು, ಪಿವಿಯು-2 ಎನ್ನುವ ಕಿಣ್ವದಿಂದ ಕತ್ತರಿಸಿ, ಜೆಲ್‌ನಲ್ಲಿ ಓಡಿಸಿ, ಆ ತುಣುಕು ಎಲ್ಲೆಲ್ಲಿದೆ ಎಂದು ಫಿಲ್ಮಿನ ಮೇಲೆ ಮೂಡಿಸುವುದು. ಇದೇ ಆರ್‌ಎಫ್‌ಎಲ್‌ಪಿ.

ಆ ಫಿಲ್ಮನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಒಬ್ಬೊಬ್ಬ ರೋಗಿಯದು ಒಂದೊಂದು ಉದ್ದನೆಯ ಸಾಲು. ಸಾಲಿನಲ್ಲಿ ಮೇಲಿಂದ ಕೆಳಗೆ ಕಪ್ಪು ಅಡ್ಡಗೆರೆಗಳು. ಎರಡೂ ತುದಿಯಲ್ಲಿ ಅಳತೆಗೆಂದು ಎಂಟಿ 14323 ಎನ್ನುವ ಗೊತ್ತಿರುವ ತಳಿಯ ಹತ್ತು ಗೆರೆ. ಇಬ್ಬರು ರೋಗಿಗಳ ಹನ್ನೆರಡೂ ಗೆರೆ ಒಂದೇ ಎತ್ತರದಲ್ಲಿ ಕೂತರೆ, ಅವರಿಬ್ಬರ ನಡುವೆ ಏನೋ ನಂಟಿದೆ ಎಂದು ಧೈರ್ಯವಾಗಿ ಹೇಳಬಹುದಿತ್ತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1990ರ ದಶಕದ ಆರಂಭದಲ್ಲಿ ಹೀಗೆ ಊರಿನ ರೋಗಿಗಳದ್ದೆಲ್ಲ ಸಾಲು ಜೋಡಿಸಿ ನೋಡಿದರು. ಅಲ್ಲಿಯವರೆಗೆ, ಶ್ರೀಮಂತ ದೇಶಗಳಲ್ಲಿ ಟಿಬಿ ಎಂದರೆ ಹೆಚ್ಚಾಗಿ ಹಳೆಯ ಸೋಂಕು ಮತ್ತೆ ಎದ್ದಿದ್ದು ಎಂದೇ ಎಲ್ಲರ ನಂಬಿಕೆ. ಫಿಲ್ಮ್ ಬೇರೆಯದೇ ಕತೆ ಹೇಳಿತು. ಮೂರರಲ್ಲಿ ಒಂದು ಪಾಲು ಹತ್ತಿರ ಹತ್ತಿರ ಇತ್ತೀಚೆಗೆ ಅಂಟಿದ್ದು. ಸರಿಯಾಗಿ ಔಷಧಿ ತೆಗೆದುಕೊಳ್ಳದ ಒಬ್ಬನೇ ರೋಗಿಯಿಂದ ನೇರವಾಗಿಯೋ ಸುತ್ತಿಬಳಸಿಯೋ 29 ಜನರಿಗೆ ಹೋಗಿತ್ತು.

ಈಗ ಅದೇ ಫಿಲ್ಮನ್ನು ನಮ್ಮ ಕಡೆಗೆ ತನ್ನಿ. ತಮಿಳುನಾಡು, ಕರ್ನಾಟಕ, ಕೇರಳದ ಕಡೆ ಜಾಸ್ತಿ ಕಾಣಿಸುವುದು ಟಿಬಿಯ ಒಂದು ಹಳೇ ವಂಶ. ಒಂದನೇ ವಂಶ ಎಂದೇ ಅದಕ್ಕೆ ಹೆಸರು. ಉತ್ತರ ಭಾರತದಲ್ಲಿ ಹೆಚ್ಚಿರುವುದು ಬೇರೆ ವಂಶ. ನಮ್ಮ ಈ ಹಳೇ ವಂಶದ ಬಹಳಷ್ಟು ತಳಿಗಳಲ್ಲಿ ಐಎಸ್ 6110 ಇರುವುದು ಒಂದೇ ಕಡೆ. ಕೆಲವದರಲ್ಲಿ ಇಲ್ಲವೇ ಇಲ್ಲ. ಅಂದರೆ ಫಿಲ್ಮಿನಲ್ಲಿ ಒಂದೇ ಗೆರೆ, ಅದೂ ಎಲ್ಲರದೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ. ಚೆನ್ನೈ ಲ್ಯಾಬ್‌ಗಳು 90ರ ದಶಕದಲ್ಲೇ ಇದನ್ನು ಗಮನಿಸಿದ್ದವು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಿದ ವಿಧಾನ ಇಲ್ಲಿ ಪರಸ್ಪರ ಮುಖವನ್ನೂ ನೋಡಿರದ ನೂರಾರು ಜನರನ್ನು ಒಂದೇ ಗುಂಪಿಗೆ ಸೇರಿಸಿಬಿಡುತ್ತದೆ. ಟೆಸ್ಟಿನಲ್ಲಿ ದೋಷವಿಲ್ಲ. ಅದು ನೋಡುವ ಜಾಗದಲ್ಲಿ ನಮ್ಮ ರೋಗಾಣುಗಳಿಗೆ ವ್ಯತ್ಯಾಸವೇ ಇಲ್ಲ.

ಆಮೇಲೆ ಬಂದಿದ್ದು ಸ್ಪಾಲಿಗೋಟೈಪಿಂಗ್, 1997ರಲ್ಲಿ. ರೋಗಾಣುವಿನ ಡಿಎನ್‌ಎಯಲ್ಲಿ ಒಂದು ಕಡೆ 36 ಅಕ್ಷರದ ಒಂದೇ ಪಾಠ ಮತ್ತೆ ಮತ್ತೆ ಬರುತ್ತದೆ, ಅವುಗಳ ನಡುವೆ ಬೇರೆ ಬೇರೆ ತುಂಡುಗಳಿರುತ್ತವೆ. ಅಂಥ 43 ತುಂಡುಗಳಲ್ಲಿ ಯಾವುದಿದೆ, ಯಾವುದಿಲ್ಲ ಎಂದು ನೋಡುವುದು. ಇದ್ದರೆ ಕಪ್ಪು ಚೌಕ, ಇಲ್ಲದಿದ್ದರೆ ಬಿಳಿ. ಸುಲಭ, ಬೇಗ ಆಗುತ್ತದೆ, ಕಲ್ಚರ್ ತುಂಬ ಬೆಳೆಸಬೇಕಿಲ್ಲ. ನಮ್ಮ ಕಡೆಯ ಒಂದನೇ ವಂಶದಲ್ಲಿ 29ರಿಂದ 32 ಮತ್ತು 34ನೇ ಚೌಕ ಖಾಲಿ. ಸಾಲು ನೋಡಿದ ಕೂಡಲೇ ಇದು ನಮ್ಮ ಕಡೆಯದು ಎಂದು ಗೊತ್ತಾಗುತ್ತದೆ. ಆದರೆ ಅದಕ್ಕಿಂತ ಮುಂದೆ ಹೋಗುವುದಿಲ್ಲ. ಇಬ್ಬರ ಹೆಸರಿನ ಕೊನೆಗೂ ಗೌಡ ಎಂದಿದ್ದರೆ ಅಣ್ಣತಮ್ಮಂದಿರು ಎಂದು ಹೇಳೋಕಾಗಲ್ಲ ಅಲ್ವಾ, ಇದೂ ಹಾಗೇ. ಇಬ್ಬರದೂ ಬೇರೆ ಬಂದರೆ ಆ ರೋಗಾಣುಗಳ ನಡುವೆ ನಂಟಿಲ್ಲ ಎನ್ನಬಹುದು. ಒಂದೇ ಬಂದರೆ ಏನೂ ಹೇಳಿದಂತಾಗಲಿಲ್ಲ.

ಮೂರನೆಯದು ಮಿರು-ವಿಎನ್‌ಟಿಆರ್. 24 ಜಾಗಗಳಲ್ಲಿ ಒಂದು ತುಂಡು ಎಷ್ಟು ಸಲ ಮರುಕಳಿಸಿದೆ ಎಂದು ಎಣಿಸುವುದು. ಫಲಿತಾಂಶ 24 ಅಂಕಿಯ ಒಂದು ನಂಬರ್. ಲ್ಯಾಬಿನಿಂದ ಲ್ಯಾಬಿಗೆ ಹೋಲಿಸುವುದು ಸಲೀಸು, ನಮ್ಮ ಕಡೆಯ ತಳಿಗಳನ್ನು ಮೊದಲ ಎರಡಕ್ಕಿಂತ ಚೆನ್ನಾಗಿ ಬಿಡಿಸುತ್ತದೆ. ಸಂಶೋಧನೆಯಲ್ಲಿ ಬಹಳ ಬಳಸಿದ್ದಾರೆ.

ಈಗ ನಾಲ್ಕನೆಯದು, ಪೂರ್ತಿ ಜೀನೋಮ್ ಓದುವುದು. 44 ಲಕ್ಷ ಅಕ್ಷರವನ್ನೂ ಓದಿ ಇಬ್ಬರದನ್ನು ಪಕ್ಕಪಕ್ಕ ಇಟ್ಟು ವ್ಯತ್ಯಾಸ ಎಣಿಸುವುದು. ಪೂರ್ತಿ ಎಂದರೂ ಹತ್ತನೇ ಒಂದು ಭಾಗದಷ್ಟನ್ನು ಪಕ್ಕಕ್ಕಿಡುತ್ತಾರೆ. ಅಲ್ಲಿ ಒಂದೇ ಥರದ ಪಾಠ ಮತ್ತೆ ಮತ್ತೆ ಬರುವುದರಿಂದ ಯಂತ್ರ ಗೊಂದಲಕ್ಕೆ ಬೀಳುತ್ತದೆ. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಭಾಗದ ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ಒಂದು ಅಳತೆಗೋಲು ಕೊಟ್ಟಿತು. ವ್ಯತ್ಯಾಸ 5 ಅಕ್ಷರ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇತ್ತೀಚೆಗೆ ಒಬ್ಬರಿಂದೊಬ್ಬರಿಗೆ ಹೋಗಿರುವ ಸಾಧ್ಯತೆ ಜಾಸ್ತಿ. 12ಕ್ಕಿಂತ ಹೆಚ್ಚಿದ್ದರೆ ಹೋಗಿಲ್ಲ ಎನ್ನಬಹುದು. ನಡುವೆ ಇದ್ದರೆ ತನಿಖೆ ಮಾಡಿ ನೋಡಬೇಕು. ಇಂಗ್ಲೆಂಡಿನಲ್ಲಿ ಈಗ ಕಲ್ಚರ್ ಪಾಸಿಟಿವ್ ಬಂದ ಎಲ್ಲ ಟಿಬಿಗೂ ಇದನ್ನೇ ಮಾಡುತ್ತಾರೆ.

ಸರಿ, ಇದನ್ನು ನಿಮ್ಮ ಮನೆಗೆ ಹಚ್ಚಿ ನೋಡೋಣ. ನಿಮ್ಮದು, ಮಾವನದು ಇಬ್ಬರದೂ ಪೂರ್ತಿ ಜೀನೋಮ್ ಓದಿಸಿದಿರಿ ಎಂದುಕೊಳ್ಳಿ. ವ್ಯತ್ಯಾಸ 300 ಅಕ್ಷರ ಬಂತು. ಆಗ ಕತೆ ಮುಗಿಯಿತು: ನೀವು ಅವರಿಗೆ ಕೊಟ್ಟಿಲ್ಲ, ಅವರು ನಿಮಗೆ ಕೊಟ್ಟಿಲ್ಲ, ಇಬ್ಬರಿಗೂ ಬೇರೆ ಬೇರೆ ಕಡೆಯಿಂದ ಬಂದಿದೆ. ಇದು ಅಪರೂಪ ಎಂದುಕೊಳ್ಳಬೇಡಿ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಬಳಿ, ಟಿಬಿ ತುಂಬ ಇರುವ ಬಡಾವಣೆಗಳಲ್ಲಿ ಒಂದೇ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ರೋಗಿಗಳಿದ್ದ ಕಡೆ ಹೀಗೆ ಹೋಲಿಸಿ ನೋಡಿದ್ದರು. ತಮ್ಮದೇ ಮನೆಯ ಇನ್ನೊಬ್ಬರ ತಳಿಗೆ ಹೊಂದಿಕೆಯಾದವರು ಅರ್ಧಕ್ಕಿಂತ ಕಡಿಮೆ. ಇಡೀ ಊರಿನ ಲೆಕ್ಕದಲ್ಲಿ, ಮನೆಯೊಳಗೆ ಅಂಟಿದ್ದು ಶೇ. 19 ಮಾತ್ರ. ಉಳಿದದ್ದು ಹೊರಗೆ. ಬಸ್ಸು, ಕೆಲಸದ ಜಾಗ, ಅಂಗಡಿ, ಗಾಳಿಯಾಡದ ಎಲ್ಲ ಕಡೆ. ಕೇಪ್‌ಟೌನಿನಷ್ಟು ಟಿಬಿ ನಮ್ಮಲ್ಲಿಲ್ಲ, ಹಾಗಾಗಿ ಆ ಅಂಕಿಯನ್ನು ಹಾಗೇ ಎತ್ತಿ ಇಲ್ಲಿಗೆ ಇಡಲಾಗದು. ಆದರೆ "ಒಂದೇ ಮನೆ, ಹಾಗಾಗಿ ಒಂದೇ ರೋಗಾಣು" ಎನ್ನುವುದು ನಿಮ್ಮ ಎರಡೂ ಕಡೆಯವರ ಮೊದಲ ತಪ್ಪು ಲೆಕ್ಕ.

ಇನ್ನೊಂದು ಕಡೆ, ವ್ಯತ್ಯಾಸ ಒಂದೇ ಅಕ್ಷರ ಬಂತು ಎಂದುಕೊಳ್ಳಿ. ಮನೆಯವರು ಈ ರಿಪೋರ್ಟ್ ಹಿಡಿದು "ನೋಡು, ಒಂದೇ" ಎನ್ನುತ್ತಾರೆ. ಆದರೆ ಅದೇ ರಿಪೋರ್ಟಿಗೆ ಕನಿಷ್ಠ ಮೂರು ಕತೆ ಹೊಂದುತ್ತವೆ. ಎರಡೂವರೆ ವರ್ಷದ ಹಿಂದೆ, ಮಾವನಿಗೆ ಟಿಬಿ ಇದೆ ಎಂದು ಗೊತ್ತಾಗುವ ಮೊದಲೇ ನಿಮಗೆ ಅಂಟಿ, ಒಳಗೆ ಮಲಗಿದ್ದು ಈಗ ಎದ್ದಿರಬಹುದು. ಟಿಬಿಯಲ್ಲಿ ಇದು ತೀರಾ ಸಾಮಾನ್ಯ. ಇಲ್ಲವೇ ಈಗ ಎರಡನೇ ಸಲ ಕೆಮ್ಮು ಶುರುವಾದಾಗ ನಿಮಗೆ ಬಂದಿರಬಹುದು, ಅಥವಾ ಉಲ್ಟಾ. ಮೂರನೆಯದನ್ನು ಯಾರೂ ಯೋಚಿಸುವುದಿಲ್ಲ: ನಿಮ್ಮಿಬ್ಬರಿಗೂ ಗೊತ್ತಿರುವ ಮೂರನೇ ವ್ಯಕ್ತಿಯಿಂದ ಇಬ್ಬರಿಗೂ ಬಂದಿರಬಹುದು. ಎರಡು ವರ್ಷಕ್ಕೆ ಒಂದು ಅಕ್ಷರ ಬದಲಾಗುವ ರೋಗಾಣುವಿನಲ್ಲಿ ಇವುಗಳಲ್ಲಿ ಯಾವುದು ನಿಜ ಎಂದು ಬಿಡಿಸಲು ಬೇಕಾದಷ್ಟು ಗುರುತೇ ಉಳಿದಿರುವುದಿಲ್ಲ. ನೂರಾರು ರೋಗಿಗಳಿರುವ ಕಡೆ, ಯಾರು ಯಾವಾಗ ಎಲ್ಲಿದ್ದರು ಎಂಬ ತನಿಖೆಯನ್ನೂ ಸೇರಿಸಿ ನೋಡಿದಾಗ ದಿಕ್ಕು ಸ್ವಲ್ಪ ಕಾಣಬಹುದು. ಇಬ್ಬರ ನಡುವೆ ಕಾಣುವುದಿಲ್ಲ.

ಇದೆಲ್ಲ ಬಿಡಿ, ಇನ್ನೊಂದು ದೊಡ್ಡ ಅಡ್ಡಿ ಇದೆ. ಮಾವನದು ಹಳೆಯದೇ ಮರಳಿತೋ ಹೊಸದಾಗಿ ಬಂತೋ ಎಂದು ತಿಳಿಯಲು ಎರಡೂವರೆ ವರ್ಷದ ಹಿಂದಿನ ಅವರ ರೋಗಾಣು ಬೇಕು. ಅದು ಎಲ್ಲಿದೆ? ಆಗ ಬರೀ ಸಿಬಿನ್ಯಾಟ್ ಅಥವಾ ಅದೇ ಥರದ ಟ್ರೂನ್ಯಾಟ್ ಟೆಸ್ಟ್ ಮಾಡಿದ್ದರೆ ಕಫ ಅವತ್ತೇ ಖಾಲಿ, ಅದನ್ನು ಹಾಕಿದ ಕಾರ್ಟ್ರಿಜ್ ಕಸಕ್ಕೆ. ಗಾಜಿನ ಸ್ಲೈಡ್ ಮೇಲಿನ ರೋಗಾಣುವಿಂದ ಪೂರ್ತಿ ಜೀನೋಮ್ ಓದುವುದು ಕನಸಿನ ಮಾತು. ಕಲ್ಚರ್ ಮಾಡಿ, ಬೆಳೆದದ್ದನ್ನು ಯಾವುದಾದರೂ ದೊಡ್ಡ ಲ್ಯಾಬ್ ಫ್ರೀಜರ್‌ನಲ್ಲಿ ಇಟ್ಟಿದ್ದರೆ ಮಾತ್ರ ಹೋಲಿಸಲು ಸಾಧ್ಯ. ಮೊದಲ ಸಲದ ಸಾಮಾನ್ಯ ಟಿಬಿಗೆ ಇದನ್ನು ಬಹುತೇಕ ಮಾಡುವುದಿಲ್ಲ. ಹೋಲಿಸಲು ಇನ್ನೊಂದು ಇಲ್ಲದ ಮೇಲೆ ಫಿಂಗರ್‌ಪ್ರಿಂಟ್ ತೆಗೆದು ಏನು ಮಾಡುವುದು?

ಎಲ್ಲಿ, ಎಷ್ಟು ಎಂದು ಕೇಳಿದ್ದೀರಿ. ಸರ್ಕಾರಿ ಟಿಬಿ ಕಾರ್ಯಕ್ರಮದಲ್ಲಿ ತಳಿ ಗುರುತಿಸುವುದು ರೋಗಿ ಕೇಳಿ ಮಾಡಿಸಿಕೊಳ್ಳುವ ಸೇವೆಯಲ್ಲ. ಸಮೀಕ್ಷೆಗೆ, ಸಂಶೋಧನೆಗೆ, ಔಷಧಿಗೆ ಬಗ್ಗದ ಕೇಸುಗಳಿಗೆ ಮಾಡುತ್ತಾರೆ. ಖಾಸಗಿ ಜೀನೋಮ್ ಲ್ಯಾಬ್‌ಗಳು ಮಾಡಿಕೊಡುತ್ತವೆ, ಒಂದೊಂದು ಸ್ಯಾಂಪಲ್‌ಗೆ ಸಾವಿರಗಟ್ಟಲೆ. ಅದಕ್ಕೂ ಮೊದಲು ಕಲ್ಚರ್ ಬೆಳೆಯಬೇಕು, ಮೂರರಿಂದ ಎಂಟು ವಾರ. ಹಣ ಹೋದರೆ ಹೋಗಲಿ ಎಂದುಕೊಂಡರೂ ನಾನು ಬೇಡ ಎನ್ನುತ್ತೇನೆ. ರಿಪೋರ್ಟ್ ಎಂಬ ಕಾಗದ ಮನೆಗೆ ಬಂದ ಮೇಲೆ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದ ಮಿತಿಗಳನ್ನು ಯಾರೂ ಓದುವುದಿಲ್ಲ. ಒಂದೇ ತಳಿ ಎಂಬ ಎರಡು ಪದ ಸಾಕು, ಪಂಚಾಯಿತಿ ಕೂರಿಸಲು. ಲ್ಯಾಬಿನಿಂದ ಹೊರಟ ಸಾಧ್ಯತೆ ಮನೆ ಬಾಗಿಲಿಗೆ ಬರುವಷ್ಟರಲ್ಲಿ ತೀರ್ಪಾಗಿರುತ್ತದೆ.

ಮಾವನ ವಿಷಯಕ್ಕೆ ಬರೋಣ. ಔಷಧಿ ಫೇಲ್ ಆಯಿತೇ ಎಂಬುದು ಅರ್ಥವಿರುವ ಪ್ರಶ್ನೆ. ವಾಸಿಯಾದ ಮೇಲೆ ಮತ್ತೆ ಬರುವ ಟಿಬಿಗೆ ಎರಡು ದಾರಿ. ಒಳಗೆ ಅಳಿದುಳಿದ ಹಳೇ ರೋಗಾಣು ಎದ್ದಿದ್ದು, ಅಥವಾ ಹೊಸದಾಗಿ ಹೊರಗಿಂದ ಬಂದಿದ್ದು. 1999ರಲ್ಲಿ ಕೇಪ್‌ಟೌನಿನಿಂದಲೇ ಬಂದ ಒಂದು ವರದಿ ಟಿಬಿ ವೈದ್ಯರನ್ನೆಲ್ಲ ಬೆಚ್ಚಿಬೀಳಿಸಿತ್ತು. ಗುಣವಾಗಿ ಮತ್ತೆ ರೋಗ ಬಂದ 16 ಜನರ ಎರಡೂ ಸಲದ ರೋಗಾಣು ಹೋಲಿಸಿದಾಗ 12 ಜನರಲ್ಲಿ ಹೊಸ ತಳಿ! ಆದರೆ ನಮ್ಮ ದಕ್ಷಿಣದ ಚಿತ್ರ ಬೇರೆ. ಚೆನ್ನೈನ ಟಿಬಿ ಸಂಶೋಧನಾ ಕೇಂದ್ರದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಚ್‌ಐವಿ ಇಲ್ಲದವರಲ್ಲಿ ಸುಮಾರು ಶೇ. 90 ಮಂದಿಗೆ ಅದೇ ಹಳೇ ತಳಿ ಮರಳಿತ್ತು. ಎಚ್‌ಐವಿ ಇದ್ದವರಲ್ಲಿ ಪೂರ್ತಿ ತಿರುಗುಮುರುಗು, ಬಹುತೇಕ ಹೊಸ ಸೋಂಕು. ಇಲ್ಲೂ ನಾನು ಮೊದಲು ಹೇಳಿದ ಎಚ್ಚರಿಕೆ ಇಟ್ಟುಕೊಳ್ಳಿ. ಆ ಅಧ್ಯಯನ ಬಳಸಿದ್ದು ಜೀನೋಮಿಗಿಂತ ಹಿಂದಿನ ವಿಧಾನಗಳನ್ನು. ನಮ್ಮ ಕಡೆಯ ತಳಿಗಳಲ್ಲಿ ಅವು "ಒಂದೇ" ಎಂದು ಹೇಳುವುದು ಸ್ವಲ್ಪ ಜಾಸ್ತಿ.

ಹಳೆಯದು ಮರಳುವುದಾದರೆ ಸಾಮಾನ್ಯವಾಗಿ ಔಷಧಿ ನಿಲ್ಲಿಸಿದ ಒಂದು ವರ್ಷದೊಳಗೆ ಮರಳುತ್ತದೆ. ಮಾವನಿಗೆ ಔಷಧಿ ನಿಂತು ಎರಡು ವರ್ಷ ಆಗಿದೆ. ಹಾಗಾಗಿ ಎರಡೂ ಸಾಧ್ಯ. ಇಷ್ಟಂತೂ ಹೇಳಬಹುದು: ಆರು ತಿಂಗಳ ಔಷಧಿ ಸರಿಯಾಗಿ ನುಂಗಿದವರಲ್ಲೂ ಕೆಲವರಿಗೆ ಮತ್ತೆ ಬರುತ್ತದೆ. ಅವರು ಮಾತ್ರೆ ತಪ್ಪಿಸಿದ್ದರು ಎಂದು ಇದರಿಂದ ತೀರ್ಮಾನಿಸಬೇಡಿ. ಒಮ್ಮೆ ಸಕ್ಕರೆ ಕಾಯಿಲೆ ಟೆಸ್ಟ್ ಮಾಡಿಸಿ. ಮತ್ತೆ ಮತ್ತೆ ಟಿಬಿ ಬರುವವರಲ್ಲಿ ಗಮನಕ್ಕೆ ಬಾರದ ಡಯಾಬಿಟಿಸ್ ಇರುವುದನ್ನು ನಾನು ಬಹಳ ನೋಡಿದ್ದೇನೆ. ಎಚ್‌ಐವಿ ಟೆಸ್ಟ್ ಟಿಬಿ ರೋಗಿಗಳೆಲ್ಲರಿಗೂ ಹೇಗೂ ಮಾಡುತ್ತಾರೆ, ಅದರಲ್ಲಿ ಮುಜುಗರಪಡುವಂಥದ್ದೇನಿಲ್ಲ.

ಇನ್ನೊಂದು ವಿಷಯ, ಇದನ್ನು ವೈದ್ಯರೂ ಕೆಲವೊಮ್ಮೆ ಅವಸರದಲ್ಲಿ ಮರೆಯುತ್ತಾರೆ. ಸಿಬಿನ್ಯಾಟ್ ಹುಡುಕುವುದು ರೋಗಾಣುವಿನ ಡಿಎನ್‌ಎಯನ್ನು. ಆ ರೋಗಾಣು ಬದುಕಿದೆಯೋ ಸತ್ತಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಒಮ್ಮೆ ಟಿಬಿ ಬಂದು ಹೋದವರ ಶ್ವಾಸಕೋಶದಲ್ಲಿ ಸತ್ತ ರೋಗಾಣುಗಳ ಅವಶೇಷ ಬಹಳ ಕಾಲ ಇರಬಹುದು. ಬೇರೆ ಕಾರಣಕ್ಕೆ ಕೆಮ್ಮು ಬಂದಾಗ ಅದು ಕಫದಲ್ಲಿ ಹೊರಬಂದು, ತೀರಾ ಕಡಿಮೆ ಪ್ರಮಾಣದಲ್ಲಿ ಪಾಸಿಟಿವ್ ತೋರಿಸಬಹುದು. ಮಾವನ ರಿಪೋರ್ಟಿನಲ್ಲಿ ಪಾಸಿಟಿವ್ ಪಕ್ಕದಲ್ಲಿ ಪ್ರಮಾಣ ಬರೆದಿರುತ್ತದೆ. ಹೈ, ಮೀಡಿಯಂ ಎಂದಿದ್ದರೆ ಅನುಮಾನ ಬೇಡ. ವೆರಿ ಲೋ, ಟ್ರೇಸ್ ಎಂದಿದ್ದರೆ ಕಲ್ಚರ್ ಮಾಡಿಸಲೇಬೇಕು. ಜ್ವರ, ತೂಕ ಇಳಿಯುವುದು, ಎಕ್ಸ್‌ರೇಯಲ್ಲಿ ಹೊಸ ಕಲೆ ಇವನ್ನೂ ಸೇರಿಸಿ ನೋಡಬೇಕು.

ನಿಮ್ಮಿಬ್ಬರ ಕಫ ಒಂದೇ ದಿನ ಕೊಟ್ಟಿದ್ದೀರಿ ಎಂದು ಬರೆದಿದ್ದೀರಿ. ಅದು ಓದಿದಾಗ ಲ್ಯಾಬಿನವನಾದ ನನಗೆ ಬೇರೆಯೇ ಯೋಚನೆ ಬಂತು. ತಳಿ ಗುರುತಿಸುವ ವಿದ್ಯೆಯಿಂದ ಹೊರಬಿದ್ದ, ಲ್ಯಾಬುಗಳಿಗೆ ಇಷ್ಟವಾಗದ ಸತ್ಯವೊಂದಿದೆ. ಬೇರೆ ಬೇರೆ ದೇಶಗಳ ಲ್ಯಾಬ್‌ಗಳಲ್ಲಿ ಪರಿಶೀಲಿಸಿದಾಗ ಪಾಸಿಟಿವ್ ಬಂದ ಕಲ್ಚರ್‌ಗಳಲ್ಲಿ ಸುಮಾರು ಶೇ. 3 ಸುಳ್ಳು ಪಾಸಿಟಿವ್ ಎಂದು ಕಂಡಿತು. ಪಕ್ಕದ ಸ್ಯಾಂಪಲ್‌ನಿಂದ ಒಂದು ಹನಿ ಹಾರಿರುತ್ತದೆ, ಇಲ್ಲ ಲೇಬಲ್ ಅದಲುಬದಲಾಗಿರುತ್ತದೆ. ಒಂದೇ ದಿನ ಒಂದೇ ಟೇಬಲ್ ಮೇಲೆ ಹಾದುಹೋದ ಎರಡು ಸ್ಯಾಂಪಲ್‌ಗಳ ತಳಿ ಒಂದೇ ಬಂದು, ಅವರಲ್ಲಿ ಒಬ್ಬರಿಗೆ ಯಾವ ಲಕ್ಷಣವೂ ಇಲ್ಲದಿದ್ದರೆ ಅನುಮಾನ ಬರಬೇಕು. ನನ್ನನ್ನು ಕೇಳಿದರೆ ಫಿಂಗರ್‌ಪ್ರಿಂಟಿಂಗ್‌ನ ಅತ್ಯುತ್ತಮ ಉಪಯೋಗ ಇದೇ: ಜನರಿಗಿಂತ ಮೊದಲು ಲ್ಯಾಬನ್ನು ಪರೀಕ್ಷಿಸುವುದು. ಸಿಬಿನ್ಯಾಟ್ ಕಾರ್ಟ್ರಿಜ್ ಮುಚ್ಚಿದ ಪೆಟ್ಟಿಗೆಯಾದ್ದರಿಂದ ಹನಿ ಹಾರುವ ಭಯ ಕಡಿಮೆ, ಲೇಬಲ್ ತಪ್ಪುವ ಸಾಧ್ಯತೆ ಇದ್ದೇ ಇದೆ. ನಿಮಗೆ ತಿಂಗಳ ಕೆಮ್ಮು ಇರುವುದರಿಂದ ನಿಮ್ಮದು ನಿಜವೇ ಇರಬೇಕು. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೆ ಮಾತ್ರ ಇನ್ನೊಂದು ಸಲ ಕಫ ಕೊಡಿ. ಅಲ್ಲಿಯವರೆಗೆ ಔಷಧಿ ನಿಲ್ಲಿಸಬೇಡಿ.

ಈಗ ಆರು ತಿಂಗಳ ಮಾತ್ರೆ ಸಾಕೇ ಎಂಬ ಪ್ರಶ್ನೆ. ನೀವು ಶಕ್ತಿ ಖರ್ಚು ಮಾಡಬೇಕಾದ ಜಾಗ ಇದು. ಸಿಬಿನ್ಯಾಟ್ ನೋಡುವುದು ಆರ್‌ಪಿಒಬಿ ಎನ್ನುವ ಜೀನಿನ 81 ಅಕ್ಷರಗಳನ್ನು ಮಾತ್ರ. ಅಲ್ಲಿ ಬದಲಾವಣೆ ಇದ್ದರೆ ರಿಫಾಂಪಿಸಿನ್ ಕೆಲಸ ಮಾಡುವುದಿಲ್ಲ ಎಂದು ಗೊತ್ತಾಗುತ್ತದೆ. ಮಾವನದು ಅಲ್ಲಿ ಸರಿಯಿದೆ, ಸಂತೋಷ. ನಿಮ್ಮ ರಿಪೋರ್ಟಿನಲ್ಲಿ ಏನಿದೆ ಎಂದು ನೀವು ಬರೆದಿಲ್ಲ, ನೋಡಿಕೊಳ್ಳಿ. ಆದರೆ ನೀವು ನುಂಗುವ ಇನ್ನೊಂದು ಮುಖ್ಯ ಔಷಧಿ ಐಸೋನಿಯಾಜಿಡ್. ಅದರ ಬಗ್ಗೆ ಸಾಮಾನ್ಯ ಸಿಬಿನ್ಯಾಟ್ ಏನೂ ಹೇಳುವುದಿಲ್ಲ. 2014ರಿಂದ 16ರ ನಡುವೆ ನಡೆದ ನಮ್ಮ ಮೊದಲ ರಾಷ್ಟ್ರೀಯ ಸಮೀಕ್ಷೆಯಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಲ್ಯಾಬ್ ದೊಡ್ಡ ಪಾತ್ರ ವಹಿಸಿತ್ತು. ಐಸೋನಿಯಾಜಿಡ್‌ಗೆ ಬಗ್ಗದ ರೋಗಾಣು ಹೊಸ ರೋಗಿಗಳಲ್ಲಿ ಶೇ. 11, ಮೊದಲು ಚಿಕಿತ್ಸೆ ಪಡೆದವರಲ್ಲಿ ಶೇ. 25 ಇತ್ತು. ಮಾವ ಎರಡನೇ ಗುಂಪಿನವರು. ನಾಲ್ವರಲ್ಲಿ ಒಬ್ಬರು ಎಂದರೆ ಕಡಿಮೆಯೇನಲ್ಲ.

ಅದಕ್ಕೆ ಎಲ್‌ಪಿಎ ಎನ್ನುವ ಇನ್ನೊಂದು ಟೆಸ್ಟ್ ಇದೆ. ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ನಿಮ್ಮ ಟಿಬಿ ಘಟಕದವರನ್ನು ಹೀಗೆ ಕೇಳಿ: "ಎಲ್‌ಪಿಎಗೆ ಕಳಿಸಿದ್ದೀರಾ, ರಿಸಲ್ಟ್ ಬಂತಾ?" ಇಬ್ಬರದೂ ಕೇಳಿ, ಮಾವನದಕ್ಕೆ ಕಲ್ಚರ್ ಕೂಡ ಕೇಳಿ. ಐಸೋನಿಯಾಜಿಡ್ ಕೆಲಸ ಮಾಡುತ್ತದೆ ಎಂದಾದರೆ ಎರಡನೇ ಸಲ ಬಂದವರಿಗೂ ಅದೇ ಆರು ತಿಂಗಳ ಮಾತ್ರೆ ಸಾಕು. ಹಿಂದೆ ಎರಡನೇ ಸಲಕ್ಕೆ ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್ ಸೇರಿ ಎಂಟು ತಿಂಗಳ ಚಿಕಿತ್ಸೆ ಇತ್ತು, ಈಗ ಅದನ್ನು ಕೈಬಿಟ್ಟಿದ್ದಾರೆ. ಯಾರಾದರೂ ಹಳೇ ಲೆಕ್ಕ ಹೇಳಿದರೆ ಗಾಬರಿಯಾಗಬೇಡಿ. ಐಸೋನಿಯಾಜಿಡ್ ಕೆಲಸ ಮಾಡುವುದಿಲ್ಲ ಎಂದಾದರೆ ಲೀವೋಫ್ಲಾಕ್ಸಸಿನ್ ಸೇರಿಸಿದ ಬೇರೆ ಮಾತ್ರೆ, ಅದೂ ಸಾಮಾನ್ಯವಾಗಿ ಆರು ತಿಂಗಳೇ. ಗೊತ್ತಾಗದೆ ಹಳೆಯದನ್ನೇ ಮುಂದುವರಿಸಿದರೆ ಮಾತ್ರ ಅಪಾಯ. ಒಂದು ಔಷಧಿ ಸುಮ್ನೆ ಹೊಟ್ಟೆಗೆ ಹೋಗುತ್ತಿರುತ್ತದೆ, ಉಳಿದವುಗಳ ಮೇಲೆ ಭಾರ ಬಿದ್ದು ರಿಫಾಂಪಿಸಿನ್‌ಗೂ ಬಗ್ಗದ ತಳಿ ಹುಟ್ಟಬಹುದು. ಇಬ್ಬರ ಫಲಿತಾಂಶ ಬೇರೆ ಬೇರೆ ಬಂದರೆ ಅವರವರ ಚಿಕಿತ್ಸೆ ಅವರವರಿಗೆ. ಮಾತ್ರೆ ಹಂಚಿಕೊಳ್ಳುವ ಮಾತೇ ಇಲ್ಲ. ಒಂದೇ ಮನೆಯ ಡಬ್ಬಿಯಲ್ಲಿ ಅದು ಆಗಿಬಿಡುತ್ತದೆ, ಅದಕ್ಕೇ ಹೇಳಿದೆ.

ಜೀನೋಮ್ ಓದುವ ತಂತ್ರ ನಿಮ್ಮಂಥವರಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತಿರುವುದೂ ಇಲ್ಲಿಯೇ. ಯಾವ ಔಷಧಿ ಈ ರೋಗಾಣುವಿನ ಮೇಲೆ ಕೆಲಸ ಮಾಡುತ್ತದೆ ಎಂಬುದನ್ನು ಹತ್ತಾರು ಜೀನ್ ಒಟ್ಟಿಗೆ ಓದಿ ಹೇಳುವುದು. ಎಲ್‌ಪಿಎ ರಿಪೋರ್ಟ್ ಗೋಜಲಾಗಿ ಬಂದರೆ ಅಥವಾ ಔಷಧಿ ಶುರುವಾಗಿ ಎರಡು ತಿಂಗಳಾದರೂ ಕಫ ಪಾಸಿಟಿವ್ ಇದ್ದರೆ, ಅಂಥ ಟೆಸ್ಟ್ ಬೇಕೇ ಎಂದು ವೈದ್ಯರನ್ನು ಕೇಳಿ.

ಇನ್ನು ಮನೆಯ ಮಾತು. ಮಾವನನ್ನು ಬೇರೆ ಇಡಬೇಕೇ, ನೀವು ತವರಿಗೆ ಹೋಗಬೇಕೇ ಎಂಬ ಚರ್ಚೆ ನಡೆದಿರಲೇಬೇಕು. ಚೆನ್ನೈನಲ್ಲಿ, ಆಗಿನ ಮದ್ರಾಸಿನಲ್ಲಿ, 1950ರ ದಶಕದಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದರು. ಕೆಲವು ರೋಗಿಗಳಿಗೆ ಸ್ಯಾನಟೋರಿಯಂ ಎಂಬ ಟಿಬಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಕೆಲವರಿಗೆ ಅವರ ಇಕ್ಕಟ್ಟಾದ ಮನೆಗಳಲ್ಲೇ. ಮನೆಯಲ್ಲಿ ಚಿಕಿತ್ಸೆ ಪಡೆದವರ ಕುಟುಂಬದಲ್ಲಿ ಟಿಬಿ ಹೆಚ್ಚೇನೂ ಆಗಲಿಲ್ಲ. ಅಂಟುವುದೆಲ್ಲ ಬಹುತೇಕ ಔಷಧಿ ಶುರುವಾಗುವ ಮೊದಲೇ ಆಗಿರುತ್ತದೆ. ಸರಿಯಾದ ಔಷಧಿ ಶುರುವಾದ ಮೇಲೆ ರೋಗಾಣು ಹರಡುವುದು ಬೇಗ ಇಳಿಯುತ್ತದೆ. ತಟ್ಟೆ, ಲೋಟ, ಬಟ್ಟೆಯಿಂದ ಟಿಬಿ ಬರುವುದಿಲ್ಲ. ಮೊದಲ ಕೆಲವು ವಾರ ಇಬ್ಬರೂ ಮಾಸ್ಕ್ ಹಾಕಿ, ಕಿಟಕಿ ತೆಗೆದಿಡಿ, ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬೇಡಿ. ಅಷ್ಟು ಸಾಕು. ಕೆಲಸಕ್ಕೆ ಯಾವಾಗ ಹೋಗಬಹುದು ಎಂದು ವೈದ್ಯರು ಹೇಳುತ್ತಾರೆ, ಅದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ತಿಂಗಳಿಗೆ 1000 ರೂಪಾಯಿ ಇಬ್ಬರ ಖಾತೆಗೂ ಬರಬೇಕು, ಸರ್ಕಾರ ಟಿಬಿ ರೋಗಿಗಳ ಹೆಸರು ದಾಖಲಿಸುವ ನಿಕ್ಷಯ್ ಪೋರ್ಟಲ್‌ನಲ್ಲಿ ಹೆಸರು ಸೇರಿದೆಯೇ ನೋಡಿಕೊಳ್ಳಿ.

ಮಗಳ ವಿಷಯ ಮಾತ್ರ ತಡ ಮಾಡುವಂಥದ್ದಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಸೋಂಕು ತಗುಲಿದರೆ ರೋಗವಾಗುವುದು ದೊಡ್ಡವರಿಗಿಂತ ಬೇಗ, ಮಿದುಳಿಗೂ ಹೋಗಬಹುದು. ಹುಟ್ಟಿದಾಗ ಬಿಸಿಜಿ ಲಸಿಕೆ ಹಾಕಿಸಿದ್ದರೆ ಅಂಥ ತೀವ್ರ ರೂಪಗಳಿಂದ ಸ್ವಲ್ಪ ರಕ್ಷಣೆ ಇದೆ, ಪೂರ್ತಿ ಇಲ್ಲ. ಈ ವಾರವೇ ಅವಳನ್ನು ಮಕ್ಕಳ ವೈದ್ಯರಿಗೆ ತೋರಿಸಿ. ಕೆಮ್ಮು, ಜ್ವರ, ತೂಕ ಏರದಿರುವುದು, ಕುತ್ತಿಗೆಯ ಗಂಟು ಇವೆಯೇ ನೋಡಿ ಎಕ್ಸ್‌ರೇ ತೆಗೆಯುತ್ತಾರೆ. ರೋಗ ಇಲ್ಲ ಎಂದು ಖಾತ್ರಿಯಾದರೆ ತಡೆಗಟ್ಟುವ ಔಷಧಿ ಕೊಡುತ್ತಾರೆ. ದಿನಾ ಒಂದರಂತೆ ಆರು ತಿಂಗಳ ಐಸೋನಿಯಾಜಿಡ್, ಇಲ್ಲವೇ ವಾರಕ್ಕೊಮ್ಮೆ 12 ವಾರ ಎರಡು ಔಷಧಿ ಸೇರಿಸಿ ಕೊಡುವ ಕೋರ್ಸ್. ಚೆನ್ನಾಗಿ ಆಡಿಕೊಂಡಿರುವ ಮಗುವಿಗೆ ಯಾಕೆ ಔಷಧಿ ಎಂದು ಮನೆಯಲ್ಲಿ ಅಡ್ಡ ಹಾಕುವವರು ಇದ್ದೇ ಇರುತ್ತಾರೆ, ಕೇಳಬೇಡಿ. ಗಂಡ, ಅತ್ತೆ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಲಿ, ಈ ಔಷಧಿ ಈಗ ಮನೆಯ ದೊಡ್ಡವರಿಗೂ ಇದೆ. ಮಗಳಿಗೆ ಯಾವ ಔಷಧಿ ಎಂದು ನಿರ್ಧರಿಸುವಾಗ ನಿಮ್ಮಿಬ್ಬರ ಎಲ್‌ಪಿಎ ರಿಸಲ್ಟ್ ವೈದ್ಯರಿಗೆ ಬೇಕಾಗುತ್ತದೆ. ಇಬ್ಬರಲ್ಲಿ ಒಬ್ಬರ ರೋಗಾಣುವಿಗೆ ಐಸೋನಿಯಾಜಿಡ್ ನಾಟದಿದ್ದರೆ ಬರೀ ಅದನ್ನೇ ಅವಳಿಗೆ ಕೊಟ್ಟು ಪ್ರಯೋಜನವಿಲ್ಲ. ಹಾಗಾಗಿ ಅವಳನ್ನು ಕರೆದುಕೊಂಡು ಹೋಗುವಾಗ ಎರಡೂ ರಿಪೋರ್ಟ್ ಜೊತೆಗಿಟ್ಟುಕೊಳ್ಳಿ, ಇನ್ನೂ ಬಂದಿಲ್ಲದಿದ್ದರೆ ಯಾವಾಗ ಬರುತ್ತದೆ ಎಂದು ಕೇಳಿಕೊಂಡು ಹೋಗಿ.